ಕಾಕಾ ಸಾ, ಇದು ನಿಮಗೆ

ಅಪ್ಪ ಮನೆಗೆ ಬಂದು ಇವತ್ತಿಗೆ ನಲವತ್ತು ದಿನ. ಬೆಳಿಗ್ಗೆ ಒಬ್ಬರೇ ಮಾವಿನ ತೋಟದವರೆಗೂ ನಡೆದು ಹೋಗಿ ಬಂದರು. ಈಗ ಬರೆಯಬಹುದು ಅನ್ನಿಸಿತು.

ಜೋಧಪುರದ ಕಡೆ ಪ್ರವಾಸ ಹೋಗಿದ್ದಾಗ ರಾತ್ರಿ ಅಪ್ಪನಿಗೆ ಹುಷಾರು ತಪ್ಪಿ ಆಸ್ಪತ್ರೆ ಸೇರಿಸಬೇಕಾಗಿ ಬಂದದ್ದು ನಿಮಗೆಲ್ಲಾ ಗೊತ್ತಿದೆ, ಮತ್ತೆ ಹೇಳುವುದಿಲ್ಲ. ಟಿಕೆಟ್ ಬದಲಾಯಿಸಿ ಕೊಟ್ಟ ಗೆಳೆಯರು, ರಾತ್ರೋರಾತ್ರಿ ದುಡ್ಡು ಹಾಕಿದ ಭಾವ, ಇಲ್ಲಿ ಶ್ರೀನಿವಾಸಪುರದಲ್ಲಿ ನಮ್ಮ ಹಸುಗಳನ್ನು ನೋಡಿಕೊಂಡ ಪಕ್ಕದ ಮನೆ ಅಕ್ಕ, ಜೋಧಪುರದ ಡಾಕ್ಟರು, ನರ್ಸಮ್ಮಂದಿರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಆದರೆ ನಾನು ಕೂತಿದ್ದು ಒಬ್ಬರ ಬಗ್ಗೆ ಬರೆಯೋಕೆ.

ಅಪ್ಪನಿಗೆ ಅರವತ್ತಾಯ್ತು ಅಂತ ನಾನೇ ಹಠ ಮಾಡಿ ಕರೆದುಕೊಂಡು ಹೋಗಿದ್ದೆ. ಜೋಧಪುರದಿಂದ ಒಂದು ಗಂಟೆ ದಾರಿ. ಠಾಕೂರರ ಹಳೇ ಅರಮನೆ, ಈಗ ಹೋಟೆಲ್. ಕಲ್ಲಿನ ಜಾಲರಿ ಕಿಟಕಿ, ಕಮಾನು, ಮಂಚ ಹತ್ತೋಕೆ ಒಂದು ಮೆಟ್ಟಿಲು ಬೇರೆ. ಬಾಡಿಗೆ ಎಷ್ಟು ಅಂತ ಅಪ್ಪನಿಗೆ ಹೇಗೋ ಗೊತ್ತಾಗಿ, "ಈ ದುಡ್ಡಿಗೆ ಬೋರ್‌ಗೆ ಹೊಸ ಮೋಟ್ರೇ ಬರ್ತಿತ್ತಲ್ಲೋ" ಅಂದರು. ನನಗೆ ಸಿಟ್ಟು ಬಂತು. ಆ ಸಂಜೆ ಸರಿಯಾಗಿ ಮಾತೇ ಆಡಲಿಲ್ಲ.

ಅದೇ ರಾತ್ರಿ ಒಂದೂವರೆಗೆ ನಾನು ಬಾಗಿಲು ತೆಗೆದು ಕಿರುಚಿದಾಗ ಮೊದಲು ಓಡಿ ಬಂದವರು ರಾತ್ರಿ ಕಾವಲಿನ ಕಾಕಾ. ಎಲ್ಲರೂ ಅವರನ್ನು ಕಾಕಾ ಸಾ ಅಂತಾರೆ. ಆಂಬುಲೆನ್ಸ್ ಬರೋಕೆ ಹೊತ್ತಾಗುತ್ತೆ ಅಂತ ಅವರೇ ಡ್ರೈವರನ್ನು ಎಬ್ಬಿಸಿ ಜೀಪ್ ತೆಗೆಸಿದರು. ಡಿಸೆಂಬರ್ ಚಳಿ. ಹಗಲು ಬೆವರಿಸಿದ ಮರಳುಗಾಡು ರಾತ್ರಿ ಹಲ್ಲು ಕಡಿಸುತ್ತೆ. ಕಾಕಾ ತಲೆಯ ಸಾಫಾ ಬಿಚ್ಚಿದರು. ನಮ್ಮಲ್ಲಿ ಸನ್ಮಾನಕ್ಕೆ ತಲೆ ಮೇಲೆ ಇಡೋ ರೆಡಿಮೇಡ್ ಪೇಟ ಅಲ್ಲ, ಬಿಚ್ಚಿದಷ್ಟೂ ಬರೋ ಉದ್ದದ ಬಟ್ಟೆ. ಅರ್ಧ ಅಪ್ಪನ ತಲೆ ಕೆಳಗೆ, ಅರ್ಧ ಎದೆಗೆ ಸುತ್ತಿದರು. ದಾರಿ ಪೂರ್ತಿ ಬರಿ ತಲೆಯಲ್ಲಿ ಅಪ್ಪನ ಕೈ ಹಿಡಿದುಕೊಂಡು ಕೂತಿದ್ದರು.

ಆಸ್ಪತ್ರೆಯಲ್ಲಿ ಬಿಟ್ಟು ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ನಾನು ಅಮ್ಮನಿಗೆ ಕಾಣದ ಹಾಗೆ ಗೋಡೆಗೆ ಒರಗಿ ಅತ್ತುಬಿಟ್ಟೆ. ಅಪ್ಪನ ಜೊತೆ ಕೊನೆಗೆ ಆಡಿದ್ದು ಒಂದು ಮೋಟ್ರು ಜಗಳ ಅನ್ನೋದು ಬಿಟ್ಟು ತಲೆಗೆ ಬೇರೇನೂ ಬರ್ತಿರಲಿಲ್ಲ. ಕಾಕಾ ಸಮಾಧಾನ ಅಂತ ಏನೂ ಹೇಳಲಿಲ್ಲ. ಟೀ ತಂದು ಕೊಟ್ಟು ಸುಮ್ನೆ ಮಾತಾಡ್ತಾ ಹೋದರು. ನನ್ನದು ಹರುಕುಮುರುಕು ಹಿಂದಿ, ಅವರದು ಅರ್ಧ ಮಾರ್ವಾಡಿ. ಹಿಂದಿನ ದಿನ ನಾವು ಹೊರಗಿನಿಂದ ನೋಡಿ ಬಾಯಿ ಬಿಟ್ಟಿದ್ದ ಉಮೈದ್ ಭವನ, ಆ 347 ಕೋಣೆಗಳ ಅರಮನೆ, 1929ರಲ್ಲಿ ಶುರುವಾಗಿ 1943ಕ್ಕೆ ಮುಗಿದಿದ್ದು. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲಿ ಅಂತ ಮಹಾರಾಜ ಉಮೈದ್ ಸಿಂಗ್ ಕಟ್ಟಿಸಿದ್ದು. ಚಿತ್ತರ್ ಗುಡ್ಡದ ಮೇಲೆ ಕಾಕಾನ ಅಜ್ಜನೂ ಅದಕ್ಕೆ ಕಲ್ಲು ಹೊತ್ತಿದ್ದರಂತೆ. ನಮ್ಮಪ್ಪನೂ ಹುಡುಗನಾಗಿದ್ದಾಗ 'ಕೂಲಿಗಾಗಿ ಕಾಳು' ಯೋಜನೆಯಲ್ಲಿ ಕೆರೆ ಹೂಳು ಹೊತ್ತವರು ಅಂದೆ. "ಹಾಗಾದ್ರೆ ಗಟ್ಟಿ ಮನುಷ್ಯ" ಅಂದರು. ಅಷ್ಟರಲ್ಲಿ ಬೆಳಗಾಯ್ತು.

ನಾಲ್ಕನೇ ದಿನ ಗಂಜಿ ಕೊಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಕಾಕಾ ತಮ್ಮ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ರಾಬ್ ತಂದರು. ಸಜ್ಜೆ ಹಿಟ್ಟು, ಮಜ್ಜಿಗೆ. ಅಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಅಯ್ಯೋ, ಇದು ನಮ್ಮ ಅಂಬಲಿನೇ ಕಣೋ" ಅಂತ ಅತ್ತುಬಿಟ್ಟರು. ಆ ನಾಲ್ಕು ದಿನದಲ್ಲಿ ಅಮ್ಮ ಅತ್ತಿದ್ದು ಅದೊಂದೇ ಸಲ.

ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಎರಡನೇ ಸಲ ಕೊಡೋಕೆ ಹೋಗಿದ್ದು ನನ್ನದೇ ತಪ್ಪು, ಅವರ ಮುಖ ಸಣ್ಣದಾಯ್ತು. ಸಾಫಾ ಒಗೆದು ವಾಪಸ್ ಕೊಟ್ಟೆ, ಅದನ್ನು ಮಾತ್ರ ತಗೊಂಡರು.

ಈಗ ತೋಟದಲ್ಲಿ ಹೂ ಬಿಟ್ಟಿದೆ. ಬಾವಿ ಪಕ್ಕದ ಬಾದಾಮಿ ಮಾವಿನ ಮರದ ಹಣ್ಣು ಯಾರೂ ಮುಟ್ಟಬಾರದು, ಅದು ಕಾಕಾಗೆ ಅಂತ ಅಪ್ಪ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಾರೆ. ಜೋಧಪುರಕ್ಕೆ ಪಾರ್ಸೆಲ್ ಎಷ್ಟು ದಿನಕ್ಕೆ ಹೋಗುತ್ತೆ, ಎಷ್ಟು ಕಾಯಿದ್ದಾಗ ಕೀಳಬೇಕು ಅಂತ ನಿನ್ನೆಯಿಂದ ನನ್ನ ತಲೆ ತಿಂತಿದ್ದಾರೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.