ಎರಡು ಪರೀಕ್ಷೆಗಳು ಮತ್ತು ನಮ್ಮ ಅತ್ತಿಗೆ

ಕೆಪಿಎಸ್‌ಸಿಯ, ಅಂದರೆ ರಾಜ್ಯ ಲೋಕಸೇವಾ ಆಯೋಗದ, ಗೆಜೆಟೆಡ್ ಪ್ರೊಬೇಷನರ್ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿದೆ. ಗ್ರೂಪ್ ಬಿ ಹುದ್ದೆ. ಫೋನ್ ಮಾಡಿದವರಿಗೆಲ್ಲ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಅರ್ಧ ಮಾತಿಗೆ ಸಿಗ್ನಲ್ ಹೋಗುತ್ತಿತ್ತು, ಸಿಗ್ನಲ್ ಇದ್ದಾಗ ಗಂಟಲು ಕಟ್ಟುತ್ತಿತ್ತು. ಅದಕ್ಕೇ ಈ ಬರಹ. ದಿಲ್ಲಿಯ ಯುಪಿಎಸ್‌ಸಿ ಪರೀಕ್ಷೆ ಏನಾಯಿತು ಎಂದು ಅಮ್ಮನ ಹತ್ತಿರ ಮೆಲ್ಲಗೆ ವಿಚಾರಿಸುತ್ತಿರುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಆಗಲಿಲ್ಲ, ಪ್ರಿಲಿಮ್ಸ್‌ನಲ್ಲೇ ನಿಂತಿತು. ಇನ್ನು ಜೋರಾಗಿಯೇ ಕೇಳಬಹುದು.

ಮಡಿಕೇರಿಯ ಗ್ರಂಥಾಲಯದಲ್ಲಿ ಬೆಳಕಿರುವ ಮೂಲೆಯನ್ನು ನನಗಾಗಿ ಕಾಯ್ದಿಟ್ಟ ಸಿಬ್ಬಂದಿ, ಮೈಸೂರಿನಲ್ಲಿ ಕೋಣೆ ಹಂಚಿಕೊಂಡ ಗೆಳತಿಯರು, ಸಾಲ ಬರೆದುಕೊಂಡೇ ಪುಟಗಟ್ಟಲೆ ಜೆರಾಕ್ಸ್ ಮಾಡಿಕೊಟ್ಟ ಕುಶಾಲನಗರದ ಅಂಗಡಿಯ ಅಣ್ಣ, ನನ್ನ ಪ್ರಬಂಧಗಳಿಗೆ ಕೆಂಪು ಶಾಯಿ ಸುರಿದ ಮೇಷ್ಟ್ರು, ತಿರುವಿನಲ್ಲಿ ಓಡಿ ಬರುವ ನನ್ನನ್ನು ಕಂಡು ಬಸ್ ನಿಲ್ಲಿಸುತ್ತಿದ್ದ ಕಂಡಕ್ಟರ್ ಎಲ್ಲರಿಗೂ ಕೈಮುಗಿಯುತ್ತೇನೆ. ಅಪ್ಪ, ಅಮ್ಮ, ಅಣ್ಣ, ನಿಮಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಕಾಫಿ ಕೊಯ್ಲಿನ ಸಮಯದಲ್ಲಿ, ಆಳು ಸಿಗದ ದಿನಗಳಲ್ಲೂ, ನನ್ನನ್ನು ತೋಟಕ್ಕೆ ಕರೆಯಲಿಲ್ಲ ಎಂಬುದೊಂದೇ ಸಾಕು. ಕೊಡಗಿನವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡೂ ಪರೀಕ್ಷೆಗೆ ಒಟ್ಟಿಗೆ ಓದುತ್ತೇನೆ ಎಂದಾಗ ಬಹಳ ಮಂದಿ, ಹೇಗೂ ಪಠ್ಯ ಒಂದೇ ಅಲ್ಲವೇ ಎಂದರು. ಮುಕ್ಕಾಲು ಪಾಲು ನಿಜ. ಸಂವಿಧಾನ, ಅರ್ಥಶಾಸ್ತ್ರ, ಭೂಗೋಳ ಎಲ್ಲ ಒಂದೇ. ಪ್ರಾಣ ತೆಗೆಯುವುದು ಉಳಿದ ಕಾಲು ಪಾಲು. ದಿಲ್ಲಿಯ ಪ್ರಿಲಿಮ್ಸ್‌ನಲ್ಲಿ ಒಂದು ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ, ರಾಜ್ಯದ್ದರಲ್ಲಿ ನಾಲ್ಕನೇ ಒಂದು ಭಾಗ. ಅಲ್ಲಿ ಎರಡನೇ ಪತ್ರಿಕೆಯಲ್ಲಿ ಶೇಕಡಾ 33 ಬಂದರೆ ಮುಗಿಯಿತು, ಆ ಅಂಕ ಲೆಕ್ಕಕ್ಕಿಲ್ಲ; ಇಲ್ಲಿ ಎರಡೂ ಪತ್ರಿಕೆ ಸೇರಿ 400 ಅಂಕ, ಪ್ರತಿಯೊಂದೂ ಲೆಕ್ಕಕ್ಕೆ. ಅಲ್ಲಿನ ಮುಖ್ಯ ಪರೀಕ್ಷೆಗೆ ಐಚ್ಛಿಕ ವಿಷಯದ 500 ಅಂಕಗಳ ಓದು ಬೇಕು. ಇಲ್ಲಿ ಐಚ್ಛಿಕ ವಿಷಯವನ್ನೇ ತೆಗೆದಿದ್ದಾರೆ. ಹಾಗಾಗಿ ನನ್ನ ಐಚ್ಛಿಕ ವಿಷಯವಾದ ಕನ್ನಡ ಸಾಹಿತ್ಯ ಓದುತ್ತಾ ಕುಳಿತರೆ ರಾಜ್ಯದ ಪರೀಕ್ಷೆಗೆ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಕರ್ನಾಟಕದ ನೀರಾವರಿ ಯೋಜನೆಗಳನ್ನು ಬಾಯಿಪಾಠ ಮಾಡುವಾಗ ಯುಪಿಎಸ್‌ಸಿಗೆ.

ನಮ್ಮ ಜಿಲ್ಲೆಯ ಚರಿತ್ರೆಯನ್ನೇ ಎರಡು ಸಲ ಓದಿದೆ. ದಿಲ್ಲಿಗಾದರೆ ಕೊಡಗು ಎಂದರೆ ‘ಸಿ’ ವರ್ಗದ ರಾಜ್ಯಗಳಲ್ಲಿ ಒಂದು, ರಾಜ್ಯಗಳ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ, ಸಂವಿಧಾನದ ಏಳನೇ ತಿದ್ದುಪಡಿ, 1956, ಅಷ್ಟರಲ್ಲಿ ಮುಗಿಯಿತು. ರಾಜ್ಯಕ್ಕಾದರೆ 24 ಸದಸ್ಯರ ವಿಧಾನಸಭೆ ಬೇಕು, 1952ರ ಸಿ.ಎಂ. ಪೂಣಚ್ಚನವರ ಮಂತ್ರಿಮಂಡಲ ಬೇಕು, ಅದಕ್ಕೂ ಹಿಂದೆ 1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಪದಚ್ಯುತಿ, ಬ್ರಿಟಿಷರ ವಿರುದ್ಧ 1837ರ ದಂಗೆ, ಮಡಿಕೇರಿ ಕೋಟೆಯಲ್ಲಿ ನೇಣಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡ. ಎರಡನೆಯದನ್ನು ಓದುವಾಗ ನನಗೆ ಖುಷಿಯಾಗುತ್ತಿತ್ತು. ಆ ಖುಷಿಗೂ ಸಮಯ ಲೆಕ್ಕ ಹಾಕಬೇಕಾಗಿ ಬಂದದ್ದು ಬೇಸರ.

ಇಷ್ಟನ್ನೂ ಬರೆದದ್ದು ನಮ್ಮ ಅತ್ತಿಗೆಯ ವಿಷಯಕ್ಕೆ ಬರಲೆಂದು.

ಅತ್ತಿಗೆ ಓದಿದ್ದು ಪಿಯುಸಿ. ನಮ್ಮೂರಿನ ಆಶಾ ಕಾರ್ಯಕರ್ತೆ. ಬೆಳಿಗ್ಗೆ ಮಗುವನ್ನು ಅಂಗನವಾಡಿಗೆ ಬಿಟ್ಟು ಮನೆ ಮನೆ ಸುತ್ತಲು ಹೊರಟರೆ ಜಿಗಣೆ ಹತ್ತಿದ ಕಾಲಿನಲ್ಲಿ ಮಧ್ಯಾಹ್ನ ಮೀರಿ ಬರುತ್ತಾರೆ. ಆಮೇಲೆ ಅಡುಗೆ, ಹಸು, ರಾತ್ರಿ ರಿಜಿಸ್ಟರ್‌ಗಳು. ನಾನು ಬಾಗಿಲು ಹಾಕಿಕೊಂಡು ಓದುತ್ತಿದ್ದಷ್ಟೂ ಕಾಲ ನನ್ನ ಪಾಲಿನ ಮನೆಗೆಲಸ ಯಾರ ತಲೆಗೆ ಹೋಯಿತು ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತಿಗೆಯಂತೂ ಹೇಳಲೇ ಇಲ್ಲ.

ಒಮ್ಮೆ ನಾನು ಗ್ರಾಮೀಣ ಆರೋಗ್ಯ ಸೇವೆಯ ಬಗ್ಗೆ ಮಾದರಿ ಉತ್ತರ ಬರೆದಿಟ್ಟಿದ್ದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಆಶಾ ಕಾರ್ಯಕರ್ತೆಯರ ಪಾತ್ರ, ಸವಾಲುಗಳು, ಮುಂದಿನ ದಾರಿ, ಎಲ್ಲ ಕ್ರಮಬದ್ಧ. ಮೇಜು ಒರೆಸಲು ಬಂದ ಅತ್ತಿಗೆ ನಿಂತುಕೊಂಡೇ ಓದಿದರು. "ಮಳೆಗಾಲದ್ದು ಬರೆದೇ ಇಲ್ಲವಲ್ಲ" ಎಂದರು. ಏನು ಮಳೆಗಾಲದ್ದು ಎಂದೆ. ಗುಡ್ಡದ ಮೇಲೆ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ದಿನ ತುಂಬುತ್ತಿರುವ ಬಸುರಿಯರಿದ್ದರೆ, ರಸ್ತೆ ಕಡಿಯುವ ಮೊದಲೇ ಅವರನ್ನು ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಕಳುಹಿಸಬೇಕು. ಅದಕ್ಕೆ ಗಂಡನನ್ನು ಒಪ್ಪಿಸಬೇಕು, ಅತ್ತೆಯನ್ನು ಒಪ್ಪಿಸಬೇಕು, ಜೀಪಿನವನನ್ನೂ ಒಪ್ಪಿಸಬೇಕು. ಅದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಮುಖ್ಯ ಪರೀಕ್ಷೆಯ ಒಂದು ಉತ್ತರದಲ್ಲಿ ಆ ಮಾತನ್ನು ಇದ್ದಂತೆಯೇ ಬರೆದು ಬಂದೆ. ಎಷ್ಟು ಅಂಕ ಕೊಟ್ಟರೋ, ಅದು ಗೊತ್ತಾಗುವಂಥದ್ದಲ್ಲ. ಆದರೆ ಇಡೀ ಪತ್ರಿಕೆಯಲ್ಲಿ ನನಗೆ ಪೂರ್ತಿ ನಂಬಿಕೆ ಇದ್ದ ಸಾಲು ಅದೊಂದೇ.

ಇನ್ನು ಆ ಜೂನ್ ತಿಂಗಳ ರಾತ್ರಿ. ಅಪ್ಪನ ವಿಷಯ ನಿಮಗೆಲ್ಲ ಗೊತ್ತಿರುವುದೇ. ಅಮ್ಮನೂ ಅಣ್ಣನೂ ಅವರ ಜೊತೆ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಮನೆಯಲ್ಲಿ ನಾನು, ಅತ್ತಿಗೆ, ಮಗು. ಸಂಜೆ ರೋಡಿನವರೆಗೆ ನಡೆದು, ಸಿಗ್ನಲ್ ಸಿಗುವ ಮೋರಿಕಟ್ಟೆಯ ಮೇಲೆ ಕೊಡೆ ಹಿಡಿದು ನಿಂತು ಯುಪಿಎಸ್‌ಸಿ ಪ್ರಿಲಿಮ್ಸ್ ಫಲಿತಾಂಶ ನೋಡಿದೆ. ನನ್ನ ಸಂಖ್ಯೆ ಇರಲಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದೆ, ಇರಲಿಲ್ಲ. ಮನೆಗೆ ಬರುವಷ್ಟರಲ್ಲಿ ಕರೆಂಟ್ ಹೋಗಿತ್ತು.

2018ರ ಆಗಸ್ಟ್‌ನ ಭೂಕುಸಿತದ ನಂತರ ಮಾದಾಪುರದ ಈ ಕಡೆ ಜೋರು ಮಳೆಯ ರಾತ್ರಿ ಯಾರಿಗೂ ಗಾಢ ನಿದ್ದೆ ಬರುವುದಿಲ್ಲ. ಮಣ್ಣು ಸರಿದ ಸದ್ದನ್ನು ಒಮ್ಮೆ ಕೇಳಿದ ಕಿವಿ ಮತ್ತೆ ಮತ್ತೆ ಅದನ್ನೇ ಹುಡುಕುತ್ತದೆ. ಅತ್ತಿಗೆ ಹೇಗೂ ಎಚ್ಚರವಾಗಿರುತ್ತಿದ್ದರು ಎಂದು ನಾನು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅವರು ಎಚ್ಚರವಿದ್ದದ್ದು ಮಳೆಗಾಗಿ ಅಲ್ಲ.

ಆ ರಾತ್ರಿ ನಾನು ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯಲಾರೆ. ಕೇಳಿಸಿಕೊಂಡವರು ಒಬ್ಬರೇ. ಅವರು ಇದುವರೆಗೆ ಯಾರ ಮುಂದೆಯೂ ಅದನ್ನು ಆಡಿಲ್ಲ, ನನಗೂ ನೆನಪಿಸಿಲ್ಲ.

ಆ ಮಾತು ಕೇಳಿದ ಮೇಲೆ ಅವರು ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಮಲಗಿದ್ದ ಮಗುವನ್ನು ಚಾಪೆ ಸಮೇತ ನನ್ನ ಕೋಣೆಗೆ ತಂದರು. ಎಮರ್ಜೆನ್ಸಿ ಲ್ಯಾಂಪ್ ತಂದರು. ಆಮೇಲೆ ರಿಜಿಸ್ಟರ್‌ಗಳನ್ನು ತಂದು ಬಾಗಿಲಿಗೆ ಅಡ್ಡವಾಗಿ ಕುಳಿತರು. "ನಿನ್ನ ಪರೀಕ್ಷೆ ನನಗೆ ತಿಳಿಯುವುದಿಲ್ಲ. ಲಾರ್ವಾ ಸಮೀಕ್ಷೆಯ ಲೆಕ್ಕ ನಾಳೆ ಕೊಡಬೇಕು, ಈ ಕಾಲಂ ಕೂಡಿಸಿ ಕೊಡು" ಎಂದರು. ಎಷ್ಟು ಮನೆಗೆ ಭೇಟಿ, ಎಷ್ಟು ಡ್ರಮ್, ಎಷ್ಟು ಟೈರ್, ಎಷ್ಟರಲ್ಲಿ ಸೊಳ್ಳೆಮರಿ. ಕೂಡಿಸಿದೆ. ಅಳುತ್ತಲೇ ಕೂಡಿಸಿದೆ. ಮೊತ್ತ ತಪ್ಪಿತೆಂದು ಮತ್ತೆ ಕೂಡಿಸಲು ಹೇಳಿದರು. ಮೊತ್ತ ನಿಜಕ್ಕೂ ತಪ್ಪಿತ್ತೇ ಎಂದು ನನಗೆ ಈಗ ಅನುಮಾನವಿದೆ.

ನಡುರಾತ್ರಿ ಕಳೆದ ಮೇಲೆ ಒಮ್ಮೆ, "ಅತ್ತು ಮುಗಿಯಿತಾ? ಮುಗಿಯದಿದ್ದರೆ ಪರವಾಗಿಲ್ಲ, ಬೆಳಗಾಗುವುದಕ್ಕೆ ಇನ್ನೂ ಹೊತ್ತಿದೆ" ಎಂದರು. ಮತ್ತೆ ತಲೆ ತಗ್ಗಿಸಿ ಬರೆಯತೊಡಗಿದರು. ಬೆಳಗಿನ ಜಾವ ಬೆಲ್ಲದ ಕಾಫಿ ಕೊಟ್ಟು, ಕೆಪಿಎಸ್‌ಸಿಯ ಪ್ರಬಂಧ ಪತ್ರಿಕೆಗೆ ಎಷ್ಟು ಅಂಕ ಎಂದು ಕೇಳಿದರು. 250 ಎಂದೆ. "ಹಾಗಾದರೆ ಅದು ಸಣ್ಣದಲ್ಲ" ಎಂದು ಹಸುವಿನ ಕೊಟ್ಟಿಗೆಗೆ ಹೋದರು.

ಅಂದಿನಿಂದ ಮುಖ್ಯ ಪರೀಕ್ಷೆ ಮುಗಿಯುವವರೆಗೆ ಅವರು ಆ ಕೋಣೆಯಲ್ಲೇ ಮಲಗಿದರು. ಮಗುವಿಗೆ ಈ ಕಡೆ ಗಾಳಿ ಚೆನ್ನಾಗಿದೆ ಎಂದು ಅಮ್ಮನಿಗೆ ಕಾರಣ ಕೊಟ್ಟರು. ಮಳೆಗಾಲದ ಸೋಮವಾರಪೇಟೆ ಸೀಮೆಯಲ್ಲಿ ಗಾಳಿಗಾಗಿ ಕೋಣೆ ಬದಲಿಸಿದವರು ಅವರೊಬ್ಬರೇ ಇರಬೇಕು.

ಪಟ್ಟಿ ಬಂದ ದಿನ ಎಲ್ಲರೂ ನನ್ನ ಬಾಯಿಗೆ ಸಿಹಿ ಹಾಕುತ್ತಿದ್ದಾಗ ಅತ್ತಿಗೆ ಮೀಟಿಂಗ್‌ಗೆ ಹೋಗಿದ್ದರು. ಸಂಜೆ ಬಂದವರು, "ನಿನ್ನ ಆಫೀಸಿಗೆ ನಾವು ಅರ್ಜಿ ಹಿಡಿದು ಬಂದರೆ ಕುರ್ಚಿ ಕೊಡುತ್ತೀಯಾ?" ಎಂದು ಕೇಳಿದರು. ನಕ್ಕುಕೊಂಡೇ ಕೇಳಿದರು, ಆದರೆ ಉತ್ತರ ಬರುವವರೆಗೆ ಕಾದರು. ಕೊಡುತ್ತೇನೆ ಅತ್ತಿಗೆ. ನಿಮಗಷ್ಟೇ ಅಲ್ಲ, ನಿಮ್ಮ ಜೊತೆ ಬಂದವರಿಗೂ. ಈ ಮಾತನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದಿದ್ದೆ, ಹೇಳಿದ್ದೇನೆ.

ತರಬೇತಿಯ ಆದೇಶ ಬರುವವರೆಗೆ ಮನೆಯಲ್ಲೇ ಇರುತ್ತೇನೆ. ರಾಜ್ಯದ ಪರೀಕ್ಷೆಯ ಟಿಪ್ಪಣಿಗಳೆಲ್ಲ ಒಂದು ಕಾಫಿ ಚೀಲದಲ್ಲಿ ತುಂಬಿಟ್ಟಿವೆ. ಬೇಕಾದವರು ಬಂದು ಒಯ್ಯಬಹುದು, ಮಳೆ ಹಿಡಿಯುವ ಮೊದಲು ಬಂದರೆ ಬೂಷ್ಟು ಹಿಡಿಯದೆ ಸಿಗುತ್ತವೆ. ಕನ್ನಡ ಸಾಹಿತ್ಯದ ಟಿಪ್ಪಣಿಗಳನ್ನು ಮಾತ್ರ ಕೇಳಬೇಡಿ, ಯುಪಿಎಸ್‌ಸಿಯ ಮುಂದಿನ ಅರ್ಜಿಗೆ ನನಗೇ ಬೇಕು. ಗುರುವಾರ ಬಿಟ್ಟು ಬನ್ನಿ. ಅಂದು ಅಂಗನವಾಡಿಯಲ್ಲಿ ಲಸಿಕೆ ಇರುತ್ತದೆ, ಅತ್ತಿಗೆ ಸಿಗುವುದಿಲ್ಲ. ಚೀಲ ಎಲ್ಲಿಟ್ಟಿದ್ದಾರೆಂದು ನನಗೂ ಗೊತ್ತಿಲ್ಲ.