ಚಿತ್ರಸಂತೆಯಲ್ಲಿ ಹಗ್ಗ ಕೊಟ್ಟ ಅಣ್ಣನಿಗೆ

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಮೈಸೂರಿನಿಂದ ನಾವು ಆರು ಜನ ಹೋಗಿದ್ದೆವು. ಮಧ್ಯಾಹ್ನ ಗಾಳಿ ಬೀಸಿ, ಚಿತ್ರ ಕಟ್ಟಿದ್ದ ದಾರ ಪಟ್ ಅಂತ ಕಿತ್ತುಹೋಯಿತು. ಬೀಳುತ್ತಿದ್ದದ್ದು ನಮ್ಮ ತಂಡದ ಅಕ್ಕ ಎರಡು ತಿಂಗಳು ಕೂತು ಬರೆದ ಮೈಸೂರು ಶೈಲಿಯ ಸರಸ್ವತಿ. ಸಫೇದ (ಬಿಳಿ ಪುಡಿ), ರೇವಲ್‌ಚಿನ್ನಿ (ಮರದ ಹಳದಿ ರಾಳ), ಅಂಟು ಕಲಸಿ ಒಡವೆಗಳನ್ನು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸಿದ ಕೆಲಸ. ಸುಮ್ನೆ ಆಗುತ್ತದಾ? ಗಾಜು ಬೇರೆ ಹಾಕಿಸಿರಲಿಲ್ಲ (ದುಡ್ಡಿರಲಿಲ್ಲ, ಅಷ್ಟೇ).

ನೀವು ಓಡಿ ಬಂದು ಹಿಡಿದಿರಿ. ಅದೂ ಅಂಚನ್ನು ಮಾತ್ರ. ರೇಕಿಗೆ ಬೆರಳೂ ತಾಕಲಿಲ್ಲ. ನೀವೂ ಬರೆಯುವವರೇ ಇರಬೇಕು, ಅಲ್ವಾ? ಬ್ಯಾಗಿನಿಂದ ನೈಲಾನ್ ಹಗ್ಗ ತೆಗೆದು ಕಟ್ಟಿಕೊಟ್ಟಿರಿ. ಹೆಸರು ಕೇಳುವಷ್ಟರಲ್ಲಿ ಜನರ ನಡುವೆ ಮಾಯ!

ಅಣ್ಣಾ, ತುಂಬಾ ಥ್ಯಾಂಕ್ಸ್. ಚಿತ್ರ ಅಂದು ಸಂಜೆಯೇ ಮಾರಾಟವಾಯಿತು. ನಿಮ್ಮ ಹಗ್ಗ ಮಾತ್ರ ಇನ್ನೂ ನಮ್ಮ ಹತ್ತಿರವೇ ಇದೆ.