ಹರಾಜಿಗಿಟ್ಟ ಹಡಗಿನ ಚಿತ್ರದ ಬೆನ್ನನ್ನೂ ತೋರಿಸಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಗರದ ದಂಡುಪ್ರದೇಶದ ಹಳೆಯ ಬಂಗಲೆಯೊಂದರ ಸಾಮಾನುಗಳನ್ನು ಹರಾಜಿಗಿಟ್ಟಿದ್ದರು. ಬೀಟೆಮರದ ಬೀರು, ಗೋಡೆ ಗಡಿಯಾರ, ಪಿಂಗಾಣಿ ತಟ್ಟೆಗಳ ನಡುವೆ ಹಾಯಿಹಡಗಿನ ತೈಲವರ್ಣ ಚಿತ್ರವೊಂದಿದ್ದು, ಅದರ ಚೀಟಿಯಲ್ಲಿ ‘ಇಂಗ್ಲೆಂಡ್, ಹದಿನೆಂಟನೆಯ ಶತಮಾನ’ ಎಂದಷ್ಟೇ ಬರೆದಿತ್ತು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಸವಾಲು ಕೂಗುವ ತಾಕತ್ತಿಲ್ಲ, ನೋಡುವ ಚಪಲ ಮಾತ್ರ ಹೋಗಿಲ್ಲ.

ಕನ್ನಡಕ ಸರಿಪಡಿಸಿಕೊಂಡು ಹತ್ತಿರ ಹೋದೆ. ಹಡಗಿನ ಹಿಂತುದಿಯಲ್ಲಿ ಕೆಂಪು ಬಾವುಟ, ಅದರ ಮೂಲೆಯಲ್ಲಿ ಯೂನಿಯನ್ ಜಾಕ್, ಆ ಪುಟ್ಟ ಚೌಕದೊಳಗಿನ ಬಿಳಿಯ ಓರೆಪಟ್ಟಿಗಳ ಮೇಲೆ ಕೂದಲೆಳೆಯಷ್ಟು ತೆಳುವಾದ ಕೆಂಪು ಗೆರೆಗಳು. ಐರ್ಲೆಂಡಿನ ಗುರುತಾದ ಆ ಓರೆಗೆರೆಗಳು ಬ್ರಿಟಿಷ್ ಬಾವುಟಕ್ಕೆ ಸೇರಿದ್ದೇ 1801ರಲ್ಲಿ. ಅಂದಮೇಲೆ ಚಿತ್ರ ಹದಿನೆಂಟನೆಯ ಶತಮಾನದ್ದಾಗಲಾರದು. ಬಾವುಟವನ್ನು ಆಮೇಲೆ ಯಾರಾದರೂ ತಿದ್ದಿದ್ದರೆ ಅದನ್ನಾದರೂ ಚೀಟಿಯಲ್ಲಿ ಹೇಳಬೇಕಿತ್ತು. ಹಡಗಿನ ಪಕ್ಕೆಯಲ್ಲಿ ತೋಪುಗಳ ಸಾಲಿತ್ತು. ಬ್ರಿಟಿಷ್ ನೌಕಾಪಡೆ ಬಿಳಿ ಬಾವುಟವನ್ನು ತನಗಿಟ್ಟುಕೊಂಡು ಕೆಂಪನ್ನು ವರ್ತಕ ಹಡಗುಗಳಿಗೆ ಬಿಟ್ಟದ್ದು 1864ರಲ್ಲಾದ್ದರಿಂದ, ಚಿತ್ರಿಸಿರುವ ಹಡಗು ಅದಕ್ಕಿಂತ ಹಿಂದಿನ ಯುದ್ಧನೌಕೆಯಿರಬಹುದು. ಆದರೆ ಹಡಗಿನ ಕಾಲವೇ ಚಿತ್ರದ ಕಾಲವೂ ಆಗಬೇಕೆಂದಿಲ್ಲ. ಹಳೆಯ ಹಡಗುಗಳನ್ನು ನಕಲು ನೋಡಿ ಬರೆದವರು ಬೇಕಾದಷ್ಟು ಜನರಿದ್ದಾರೆ.

ಸಂಶಯ ತೀರಬೇಕಾದರೆ ಚಿತ್ರವನ್ನು ತಿರುಗಿಸಿ ನೋಡಬೇಕು. ಕ್ಯಾನ್ವಾಸ್ ಮಾರಿದ ಅಂಗಡಿಯ ಮುದ್ರೆ, ಒಳಚೌಕಟ್ಟಿನ ಮರ, ಮೊಳೆಗಳ ಬಗೆ, ಜೀರ್ಣವಾದ ಬಟ್ಟೆಗೆ ಹಿಂದಿನಿಂದ ಅಂಟಿಸಿದ ಹೊಸ ಬಟ್ಟೆ, ಇವೆಲ್ಲ ಇರುವುದು ಬೆನ್ನಿನಲ್ಲಿ. ವಿನಯದಿಂದಲೇ ಕೇಳಿದೆ. ‘ಮುಟ್ಟಬೇಡಿ ಸರ್, ಬೇಕಿದ್ದರೆ ಫೋಟೊ ತೆಗೆದುಕೊಳ್ಳಿ’ ಎಂದರು ಅಲ್ಲಿದ್ದ ಹುಡುಗ. ಮುಂಭಾಗದ ಫೋಟೊ, ಸಹಜವಾಗಿ. ನೇರಳಾತೀತ ದೀಪ ಹಿಡಿದರೆ ಹಳೆಯ ವಾರ್ನಿಷ್ ಸಾಮಾನ್ಯವಾಗಿ ಹಸಿರಾಗಿ ಮಿನುಗುತ್ತದೆ, ಅದರ ಮೇಲೆ ಬಳಿದ ಹೊಸ ಬಣ್ಣ ಕಪ್ಪು ಕಲೆಯಾಗಿ ಉಳಿಯುತ್ತದೆ. ಸಹಿಯ ಬಣ್ಣ ಬಿರುಕುಗಳೊಳಗೆ ಇಳಿದಿದ್ದರೆ ಬಿರುಕು ಮೊದಲು, ಸಹಿ ಆಮೇಲೆ. ಇಂಥ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯವೇನೂ ಬೇಡ.

ವಿದೇಶದ ದೊಡ್ಡ ಹರಾಜು ಸಂಸ್ಥೆಗಳ ಕ್ಯಾಟಲಾಗಿನಲ್ಲಿ ‘ಇಂಥವರ ವಲಯ’ (ಸರ್ಕಲ್ ಆಫ್) ಎಂಬುದಕ್ಕೂ ‘ಇಂಥವರ ರೀತಿ’ (ಮ್ಯಾನರ್ ಆಫ್) ಎಂಬುದಕ್ಕೂ ಬೇರೆ ಬೇರೆ ಅರ್ಥವಿದೆ. ಮೊದಲನೆಯದು ಕಲಾವಿದನ ಕಾಲದ್ದೇ ಆದ ಕೃತಿ, ಎರಡನೆಯದು ನಂತರದ ಕಾಲದ್ದು. ಆ ಅರ್ಥಗಳನ್ನು ಕ್ಯಾಟಲಾಗಿನಲ್ಲೇ ಅಚ್ಚು ಹಾಕಿರುತ್ತಾರೆ. ನಮ್ಮಲ್ಲಿ ‘ಆಂಟಿಕ್’ ಎಂಬ ಒಂದೇ ಪದ ಎಲ್ಲಕ್ಕೂ ಸಾಕಾಗಿದೆ.

ಇನ್ನೊಂದು ಮಾತು. ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರು, ಸವಾಲು ತಮ್ಮದಾದರೆ ಚಿತ್ರವನ್ನು ಲಂಡನ್ನಿನಲ್ಲಿರುವ ಮಗಳಿಗೆ ಕಳಿಸುವುದಾಗಿ ಹೇಳುತ್ತಿದ್ದರು. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ ಪುರಾವಸ್ತುವೇ; ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತೆಯೂ ಇಲ್ಲ. ಚೀಟಿಯಲ್ಲಿ ಬರೆದ ಕಾಲ ನಿಜವೆಂದೇ ಮಾರುವವರು ಸಾಧಿಸುವುದಾದರೆ, ಈ ನಿಯಮವನ್ನೂ ಅದೇ ಚೀಟಿಯಲ್ಲಿ ತಿಳಿಸುವುದು ಅವರ ಹೊಣೆ.

ಆದ್ದರಿಂದ ನಗರದ ಹರಾಜುದಾರರಲ್ಲಿ ನನ್ನ ಬೇಡಿಕೆ ಇಷ್ಟೇ: ವೀಕ್ಷಣೆಯ ದಿನ ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಬೋರಲಾಗಿಡಿ, ಎಲ್ಲೆಲ್ಲಿ ದುರಸ್ತಿಯಾಗಿದೆ ಎಂದು ಬರೆದುಕೊಡಿ, ಕಾಲವನ್ನು ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ ಎಂಬುದನ್ನು ಒಂದು ಸಾಲಿನಲ್ಲಾದರೂ ತಿಳಿಸಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಬಸವನಗುಡಿ, ಬೆಂಗಳೂರು